ಅರ್ಧ ಗಡ್ಡದ ಫೋಟೊ

ಮೊನ್ನೆ ಕುಮಟೆಯ ಪೇಟೆಯಲ್ಲಿ ಪಟಿಕ ಕೊಳ್ಳಲು ನಿಂತಿದ್ದೆ. ಹೊಳನಗದ್ದೆಯಲ್ಲಿ ನಾನೊಬ್ಬನೇ ಇರುವ ಬಾಡಿಗೆ ಮನೆಯ ಬಾವಿ ನೀರು ಮಳೆ ಹಿಡಿದೊಡನೆ ರಾಡಿಯಾಗುತ್ತದೆ. ಕೊಡದಲ್ಲಿ ಪಟಿಕ ನಾಲ್ಕು ಸುತ್ತು ತಿರುವಿಟ್ಟರೆ ಮಣ್ಣು ತಳಕ್ಕೆ ಕೂರುತ್ತದೆ. ಅಂಗಡಿಯವ ಕೊಟ್ಟ ತುಂಡು ಥಂಡಿಗೆ ಒದ್ದೆಯಾಗಿತ್ತು. ಅದನ್ನು ಹಿಡಿದ ನನ್ನ ಕೈ ತಾನಾಗಿಯೇ ದವಡೆಯ ಕೆಳಗೆ ಹೋಗಿ ಒಮ್ಮೆ ಸವರಿತು. ತಣ್ಣನೆಯ ಸಣ್ಣ ಉರಿ. ಅದರ ಹಿಂದೆಯೇ ಗಡ್ಡದ ಸೋಪಿನ ವಾಸನೆ ಬಂತು. ಆ ಅಂಗಡಿಯಲ್ಲಿ ಸೋಪು ಇರಲೇ ಇಲ್ಲ...

ಶಿರಾಲಿಯಲ್ಲಿ, ಹೆದ್ದಾರಿಯ ಪಕ್ಕ, ಒಂದೇ ಕುರ್ಚಿಯ ಸಲೂನು ಅವನದು. ಊರಿಗೆಲ್ಲ ಅವನು ಸಲೂನಣ್ಣ. ಮೂರನೇ ಕ್ಲಾಸಿನಿಂದ ನನ್ನ ತಲೆ ಅವನ ಕೈಯಲ್ಲೇ ಇತ್ತು; ಕುರ್ಚಿಯ ಕೈಗಳ ಮೇಲೆ ಹಲಗೆ ಇಟ್ಟು ಕೂರಿಸುತ್ತಿದ್ದ. ನನ್ನ ನೆತ್ತಿಯ ಎರಡು ಸುಳಿ ಕಂಡಾಗಲೆಲ್ಲ, "ಎಂತ ತಮಾ, ಎರಡು ಮದುವೆ ಗ್ಯಾರಂಟಿ" ಎಂದು ನಗುತ್ತಿದ್ದ. ನಾನು ಡಿಗ್ರಿ ಮುಗಿಸಿ ಭಟ್ಕಳದಲ್ಲಿ ಕೆಲಸಕ್ಕೆ ಸೇರಿದ ಮೇಲೂ ಆ ಮಾತು ಬದಲಾಗಲಿಲ್ಲ.

ಅವನಿಗೊಂದು ಹಟವಿತ್ತು. ಕತ್ತಿ ತಾಗಿಸಿದ ಮುಖವನ್ನು ಅರ್ಧಕ್ಕೆ ಬಿಡುತ್ತಿರಲಿಲ್ಲ. ಒಮ್ಮೆ ಯಾರದೋ ಗಡ್ಡ ಅರ್ಧ ಆಗಿದ್ದಾಗ ಅವರು ಹೋಗಬೇಕಾದ ಬಸ್ಸು ಬಂತು. ಸಲೂನಣ್ಣ ಕತ್ತಿ ಹಿಡಿದೇ ರಸ್ತೆಗೆ ಓಡಿ ಬಸ್ಸಿಗೆ ಅಡ್ಡ ನಿಂತ. "ಎರಡೇ ನಿಮಿಷ ಮಾರಾಯ, ಒಂದು ಕೆನ್ನೆ ಬಾಕಿ ಅದೆ!" ಬಸ್ಸು ನಿಂತಿತು. ಕಂಡಕ್ಟರ್ ಬೈದ, ಒಳಗಿನವರು ನಕ್ಕರು. ಇವನು ವಾಪಸು ಬಂದು ಆ ಕೆನ್ನೆ ಮುಗಿಸಿ, ಪಟಿಕ ಸವರಿ, "ಆತು" ಎಂದ. ಆ "ಆತು" ಬೀಳುವವರೆಗೆ ಯಾರೂ ಕುರ್ಚಿಯಿಂದ ಏಳುವಂತಿರಲಿಲ್ಲ.

ಕೊರೊನಾಕ್ಕೆ ಎರಡನೇ ಸಲ ಎಲ್ಲ ಬಂದ್ ಆದಾಗ ಆ ಕುರ್ಚಿ ಖಾಲಿ ಬಿತ್ತು. ರೇಷನ್ ಅಕ್ಕಿ ಬರುತ್ತಿತ್ತು, ಗಂಡ ಹೆಂಡತಿಗೆ ಊಟಕ್ಕೆ ತೊಂದರೆ ಇರಲಿಲ್ಲ. ಅಂಗಡಿಯ ಬಾಡಿಗೆ ಮಾತ್ರ ಏರುತ್ತಿತ್ತು. ಜಾಗದವರು ಅದನ್ನು ಮೊಬೈಲ್ ಅಂಗಡಿಗೆ ಕೊಡುವ ಮಾತಾಡಿದ್ದರು. ಸಲೂನಿನವರಿಗೆ, ಬಟ್ಟೆ ಒಗೆಯುವವರಿಗೆ, ಟೇಲರುಗಳಿಗೆ ಸರಕಾರ ಪರಿಹಾರ ಕೊಡುತ್ತದೆಂದು ಸುದ್ದಿ ಬಂದಾಗ ನಾನು ಮನೆಯಲ್ಲೇ ಕೂತು ಊರವರ ಅರ್ಜಿ ತುಂಬುತ್ತಿದ್ದೆ. ಅವನು ಮಾತ್ರ ಬರಲಿಲ್ಲ. ಕೊನೆಗೆ ನಾನೇ ಹೋಗಿ ಕೇಳಿದೆ.

"ಆರೋಗ್ಯದಲ್ಲಿದ್ದವ ಕೈ ಚಾಚುದು ಹೆಂಗೆ ತಮಾ?" ಎಂದ. ಮತ್ತೆ ತಾನೇ, "ಅಂಗಡಿ ಉಳಿತದಾ ಅದ್ರಿಂದ?" ಎಂದು ಕೇಳಿದ. ಉಳಿಯುತ್ತದೆ ಎಂದೆ.

ಸಲೂನು ನಡೆಸುತ್ತಾನೆಂದು ಪಂಚಾಯಿತಿಯಿಂದ ಬರೆಸಿಕೊಳ್ಳಬೇಕಿತ್ತು. ಕೆಲಸ ಮಾಡುವಾಗಿನ ಫೋಟೊ ಒಂದಿದ್ದರೆ ಸಲೀಸು ಎಂದರು ಅಲ್ಲಿನವರು. ಇಷ್ಟು ವರ್ಷ ಊರಿನ ಮದುಮಕ್ಕಳನ್ನೆಲ್ಲ ಫೋಟೊಕ್ಕೆ ಸಜ್ಜು ಮಾಡಿದವನ ಒಂದು ಫೋಟೊ ಕೂಡ ಇರಲಿಲ್ಲ.

"ಕುರ್ಚಿ ಮೇಲೆ ಯಾರನ್ನ ಕೂರ್ಸುದು? ಪೊಲೀಸ್ರನ್ನಾ?"

"ನಾನೇ ಕೂರ್ತೆ."

ಮರುದಿನ ಬೆಳಿಗ್ಗೆ ಹತ್ತು ಗಂಟೆ. ಪೊಲೀಸ್ ಜೀಪಿಗೆ ಹೆದರಿ ಶಟರನ್ನು ಒಳಗಿನಿಂದ ಪೂರ್ತಿ ಎಳೆದುಕೊಂಡೆವು. ಟ್ಯೂಬ್‌ಲೈಟ್ ಹಾಕಿದ. ಫ್ಯಾನಿನ ಸದ್ದು ಹೊರಗೆ ಕೇಳೀತೆಂದು ಅದನ್ನೂ ಹಾಕಲಿಲ್ಲ. ನನಗೆ ಆ ದಿನ ಏಳುವಾಗಲೇ ಗಂಟಲು ಕೆರೆಯುತ್ತಿತ್ತು. ಹಿಂದಿನ ದಿನ ಉಪ್ಪು ಹಚ್ಚಿ ತಿಂದ ಮಾವಿನಕಾಯಿಯ ಕೆಲಸ ಅಂದುಕೊಂಡೆ. ಅವನಿಗೆ ಹೇಳಲಿಲ್ಲ.

ಫೋನನ್ನು ಪೌಡರ್ ಡಬ್ಬಿಗೆ ಒರಗಿಸಿ ಟೈಮರ್ ಇಟ್ಟೆ. ಕತ್ತಿ ಸುಮ್ಮನೆ ಹಿಡಿದರೆ ಸಾಕು ಎಂದರೆ, "ನಾನೆಂತ ಯಕ್ಷಗಾನದ ವೇಷವಾ, ಸುಮ್ನೆ ಕತ್ತಿ ಹಿಡ್ಕಂಡು ನಿಲ್ಲುಕೆ?" ಎಂದು ನೊರೆ ಎಬ್ಬಿಸತೊಡಗಿದ. ಬಲಗೆನ್ನೆ ಮುಗಿಸಿ ಎಡಕ್ಕೆ ಬಂದಾಗ ನಾನೇ ಹೇಳಿದೆ, "ಅಣ್ಣ, ಮುಖ ಕಾಣ್ಬೇಕು. ಮಾಸ್ಕ್ ಕೆಳಗೆ ಮಾಡು."

ಅವನು ಮಾಸ್ಕನ್ನು ಗಲ್ಲಕ್ಕಿಳಿಸಿ ನಕ್ಕ. ಫೋಟೊ ಬಿತ್ತು. ನಾನು ಏಳಲು ಹೋದೆ. ಭುಜ ಒತ್ತಿ ಕೂರಿಸಿದ.

"ಎಲ್ಲಿಗೆ? ಅರ್ಧ ಗಡ್ಡದಲ್ಲಿ ಮನೆಗೆ ಹೋದ್ರೆ ನಿನ್ನ ಅಮ್ಮ ನಂಗೆ ಬೈಯುದಿಲ್ವಾ? ಕೂತ್ಕ."

ಕೂತೆ. ಒಂದು ತಿಂಗಳಿಂದ ಕೆಲಸವಿಲ್ಲದ ಕೈ, ಅವಸರವೇ ಇರಲಿಲ್ಲ. ಎರಡು ಸಲ ಸೋಪು ಹಚ್ಚಿದ. ಮೀಸೆಯ ತುದಿಗೆ ಕತ್ತರಿ ಆಡಿಸಿದ. ಅವನ ಉಸಿರು ನನ್ನ ಮುಖದ ಮೇಲೆ, ನನ್ನದು ಅವನ ಮುಖದ ಮೇಲೆ. ನಡುವೆ ನಾನು ಒಮ್ಮೆ ಕೆಮ್ಮಿದೆ. ಕತ್ತಿ ಹಿಂದೆಗೆದು, ಕೆಮ್ಮು ಮುಗಿಯುವವರೆಗೆ ಕಾದು, ಮತ್ತೆ ಬಗ್ಗಿದ. ಮಾಸ್ಕು ಗಲ್ಲದಲ್ಲೇ ಇತ್ತು. ಮೇಲೆ ಹಾಕಿಕೋ ಎನ್ನಲು ಅರ್ಧ ಗಂಟೆಯಷ್ಟು ಸಮಯವಿತ್ತು ನನಗೆ... ಕೊನೆಗೆ ಪಟಿಕ ಸವರಿ, "ಆತು. ಈಗ ಹೆಣ್ಣು ನೋಡುಕೆ ಹೋಗ್ಲಕ್ಕು" ಎಂದ.

ಅಂದೇ ಫೋಟೊದ ಎರಡು ಪ್ರತಿ ತೆಗೆಸಿ, ಒಂದನ್ನು ಪಂಚಾಯಿತಿಗೆ ಕೊಟ್ಟು ಅರ್ಜಿ ಹಾಕಿದೆ, ಇನ್ನೊಂದನ್ನು ಅವನಿಗೆ ಕೊಟ್ಟೆ. ಆ ರಾತ್ರಿಯೇ ನನಗೆ ಜ್ವರ ಏರಿತು. ಐದನೇ ದಿನ ಅವನಿಗೆ. ನಾನು ಕೋಣೆಯೊಳಗೆ ವಾಸನೆ, ರುಚಿ ಏನೂ ಇಲ್ಲದೆ ಮಲಗಿದ್ದಾಗ ಹೆದ್ದಾರಿಯಲ್ಲಿ ಆಂಬುಲೆನ್ಸ್ ಕೂಗಿಕೊಂಡು ಕಾರವಾರದ ಕಡೆಗೆ ಹೋದದ್ದು ಕೇಳಿಸಿತು. ಯಾರದೆಂದು ಅಮ್ಮ ಹೇಳಲಿಲ್ಲ. ನಾನು ಎದ್ದು ಓಡಾಡುವಂತಾದ ಮೇಲೆ ಹೇಳಿದಳು. ಅವನು ತಿರುಗಿ ಬಂದಿರಲಿಲ್ಲ. ಸುಡುವಾಗ ಊರಿನವರು ಯಾರೂ ಇರಲಿಲ್ಲವಂತೆ.

ಅರ್ಜಿಯಲ್ಲಿ ಫೋನ್ ನಂಬರ್ ನನ್ನದಿತ್ತು. ಪರಿಹಾರ ಮಂಜೂರಾದ ಸಂದೇಶ ನನಗೇ ಬಂತು, ಅವನ ಹೆಸರಿನಲ್ಲಿ. ಅದನ್ನು ಓದಿ ಫೋನನ್ನು ಮಗುಚಿಟ್ಟೆ. ಅಷ್ಟರಲ್ಲಿ ಆ ಅಂಗಡಿಯ ಗಾಜಿಗೆ ಮೊಬೈಲ್ ಕವರುಗಳನ್ನು ತೂಗುಹಾಕಿದ್ದರು.

ಅವನ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಹೊನ್ನಾವರದ ಕಡೆ, ಇಡಗುಂಜಿಯ ದಾರಿಯಲ್ಲಿ, ತಮ್ಮ ಒಡಹುಟ್ಟಿದ ಅಣ್ಣನ ಮನೆ ಸೇರಿದ್ದರು. ಕೆಲವು ತಿಂಗಳ ನಂತರ ಹೋದೆ. ಎಲ್ಲ ಹೇಳಿಬಿಡಬೇಕೆಂದೇ ಹೋಗಿದ್ದೆ, ಗಂಟಲಿನದು, ಮಾಸ್ಕಿನದು. ಜಗಲಿ ಹತ್ತುತ್ತಲೇ ಗೋಡೆ ಕಂಡಿತು. ಮಾಲೆ ಹಾಕಿದ ಚೌಕಟ್ಟಿನಲ್ಲಿ ಅವನು ನಗುತ್ತಿದ್ದ, ಮಾಸ್ಕು ಗಲ್ಲದಲ್ಲಿ, ಕೈಯಲ್ಲಿ ಕತ್ತಿ. ಪಂಚಾಯಿತಿಗೆ ಕೊಟ್ಟ ಪ್ರತಿಯಂಥದೇ ಒಂದು ಅವರ ಬಳಿ ಉಳಿದಿತ್ತು.

"ಅವ್ರದ್ದು ಅಂತ ಇದ್ದ ಫೋಟೊ ಅದೊಂದೇ ಅಲ್ದಾ" ಎಂದರು ಅಕ್ಕ. "ಸ್ಟುಡಿಯೋದವ ನಿನ್ನ ಪೂರ್ತಿ ಕತ್ತರ್ಸಿ ತೆಗಿತೆ ಅಂದಿದ್ದ. ಕೈಯೂ ಕತ್ತಿಯೂ ಹೋದ್ರೆ ಅವ್ರು ಎಲ್ಲಿ ಉಳಿದ್ರು? ಅಷ್ಟು ಇರ್ಲಿ ಅಂದೆ."

ಚೌಕಟ್ಟಿನ ಅಂಚಿನಲ್ಲಿ ನಾನಿದ್ದೆ. ಕಣ್ಣಿಲ್ಲ, ಬಾಯಿಲ್ಲ. ನೊರೆ ಹಚ್ಚಿದ ಒಂದು ಎಡಗೆನ್ನೆ ಮಾತ್ರ.

"ಸರಕಾರದ ದುಡ್ಡು ಬಂತಲ್ಲ ತಮಾ, ಅದ್ರಲ್ಲೇ ಕಟ್ಟು ಹಾಕ್ಸ್ದೆ. ನೀನು ಓಡಾಡಿದ್ದು ದಂಡ ಆಗ್ಲಿಲ್ಲ."

ಅವರು ಒಳಗೆ ಹೋಗಿ ಚಾ ತಂದರು. ಕುಡಿದೆ. ಹೇಳಲು ಹೋದದ್ದನ್ನು ಹೇಳದೆ ಇಳಿದು ಬಂದೆ.

ಆ ಮೇಲೆ ನಾನು ಯಾವ ಸಲೂನಿನಲ್ಲೂ ಗಡ್ಡ ಮಾಡಿಸಿಲ್ಲ. ನನ್ನಿಂದಲೇ ಅವನಿಗೆ ತಗುಲಿತೆಂದು ಯಾರೂ ಹೇಳಿಲ್ಲ. ಅಲ್ಲವೆಂದು ಹೇಳಬಲ್ಲವರೂ ಇಲ್ಲ. ಮೊನ್ನೆ ತಂದ ಪಟಿಕದಿಂದ ಕೊಡದ ನೀರು ತಿಳಿಯಾಯಿತು. ಅಕ್ಕನ ನಂಬರ್ ತೆಗೆದು, ಹೊತ್ತು ನೋಡಿ, ಮತ್ತೆ ಫೋನ್ ಕೆಳಗಿಟ್ಟೆ. ಈಗ ಅವರು ಆ ಗೋಡೆಯ ಮುಂದೆ ದೀಪ ಹಚ್ಚುವ ಹೊತ್ತು. ಅಲ್ಲಿ ನನ್ನ ಕೆನ್ನೆ ಇನ್ನೂ ನೊರೆಯಲ್ಲೇ ಇದೆ. ಸಲೂನಣ್ಣ ಅರ್ಧಕ್ಕೆ ಬಿಟ್ಟ ಗಡ್ಡ ಅದೊಂದೇ.