ಇನ್ನೊಂದು ಸುತ್ತು

ನಮ್ಮ ಭಾವನಿಗೆ ಪೇಟೆಯಲ್ಲೊಂದು ಅಡ್ಡಹೆಸರಿದೆ: ಇನ್ನೊಂದು ಸುತ್ತು. ಅವರಿಗೆ ನಾನು ಬಹುವಚನ ಹಾಕುವುದು ಅಕ್ಕನ ಮುಖ ನೋಡಿ, ಬೇರೆ ಕಾರಣವೇನೂ ಇಲ್ಲ. ಗ್ಯಾರೇಜು ಇಟ್ಟು ಇಪ್ಪತ್ತು ವರ್ಷವಾಯಿತು. ಕಾರಿನಿಂದ ಎಂಜಿನ್ ಆಯಿಲ್ ಸೋರುತ್ತಿದೆ ಎಂದು ಯಾರೇ ಬರಲಿ, ಎಲ್ಲಿಂದ ಸೋರುತ್ತಿದೆ ಎಂದು ಈ ಮಹಾನುಭಾವರು ಕೇಳಿದವರಲ್ಲ, ನೋಡಿದವರೂ ಅಲ್ಲ. ಕೈಗೆ ಸಿಕ್ಕ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಹಲ್ಲು ಕಚ್ಚಿ, "ಬಿಗಿ ಸಾಲ್ದು. ಇನ್ನೊಂದು ಸುತ್ತು" ಎನ್ನುತ್ತಾರೆ. ಬೋಲ್ಟು ಕಿರ್ರೆನ್ನುತ್ತದೆ. ಗಿರಾಕಿ ಖುಷಿಯಾಗಿ ಹೋಗುತ್ತಾನೆ. ವಾರದೊಳಗೆ ಮೊದಲಿಗಿಂತ ಜಾಸ್ತಿ ಸೋರಿಸಿಕೊಂಡು ವಾಪಸ್ ಬರುತ್ತಾನೆ, ಇಲ್ಲವೇ ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ತಲೆ ಹಾಕದವರೇ ಹೆಚ್ಚಾದಾಗ ಅಕ್ಕ ಡ್ರೈವಿಂಗ್ ಕಲಿತಳು. ಒಂದು ಹಳೆಯ ಕಾರು ಹಿಡಿದು, ನಡೆಯಲಾರದ ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ ಕರೆದೊಯ್ದು ತರುವ ಕೆಲಸ ಸಂಪಾದಿಸಿದಳು. ಮನೆಯ ಒಲೆ ಉರಿಯುತ್ತಿದ್ದುದು ಅದರಿಂದಲೇ. ಭಾವ ಮಾತ್ರ ಸಿಕ್ಕಸಿಕ್ಕವರ ಹತ್ತಿರ, "ಸುಮ್ನೆ ಕೂತು ಬೇಜಾರಾಗುತ್ತೆ ಅಂತಾಳೆ, ಹೋಗಲಿ ಅಂತ ಬಿಟ್ಟಿದ್ದೀನಿ" ಎನ್ನುತ್ತಿದ್ದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ!

ಹೀಗಿರುವಾಗ ಅಕ್ಕನ ಕಾರೇ ಸೋರತೊಡಗಿತು. ಆಸ್ಪತ್ರೆಯ ಬಾಗಿಲಲ್ಲಿ ನುಣ್ಣನೆಯ ಬಿಳಿ ಕಲ್ಲು ಹಾಸಿದ್ದಾರೆ. ಅದರ ಮೇಲೆ ಬಿದ್ದ ಎಣ್ಣೆಗೆ ಅಜ್ಜಿಯೊಬ್ಬರ ಊರುಗೋಲು ಜಾರಿತು. ಅಕ್ಕ ಹಿಡಿದುಕೊಂಡದ್ದರಿಂದ ಸೊಂಟ ಉಳಿಯಿತು. ಅಲ್ಲಿಯ ಮೇಲ್ವಿಚಾರಕಿ ಖಡಾಖಂಡಿತವಾಗಿ ಹೇಳಿಬಿಟ್ಟರು: "ಸೋಮವಾರದೊಳಗೆ ಸರಿ ಮಾಡಿಸ್ಕೊಂಡು ಬನ್ನಿ. ಆಮೇಲೆ ಒಂದು ಹನಿ ಬಿದ್ರೂ ನಾವು ಬೇರೆ ಗಾಡಿ ನೋಡ್ಕೋತೀವಿ."

ಭಾವ ತೋಳೇರಿಸಿದರು. ಕೆಳಗಿನ ಬೋಲ್ಟಿಗೆ ಒಂದು ಸುತ್ತು, ಸೋರಿತು. ಎಂಜಿನ್ ತಲೆಯ ಮೇಲಿನ ಮುಚ್ಚಳದ ಬೋಲ್ಟುಗಳಿಗೆಲ್ಲ ಒಂದೊಂದು ಸುತ್ತು, ಇನ್ನೂ ಚೆನ್ನಾಗಿ ಸೋರಿತು. ಅಕ್ಕ ಮೆಲ್ಲಗೆ ಕೇಳಿದಳು: "ರೀ, ಬೇರೆ ಕಡೆ ಒಂದ್ಸಲ ತೋರಿಸ್ಲಾ?"

"ಏನಂದೆ? ಮೆಕ್ಯಾನಿಕ್ ಹೆಂಡ್ತಿ ಗಾಡಿ ಇನ್ನೊಬ್ಬನ ಗ್ಯಾರೇಜಲ್ಲಿ ನಿಂತ್ರೆ ನಾನು ಮುಖ ಎಲ್ಲಿಟ್ಕೊಳ್ಲಿ?"

"ಈಗ ಇರೋ ಕಡೆನೇ ಇಟ್ಕೊಳ್ಳಿ ಭಾವ, ಹೇಗೂ ನೋಡೋಕೆ ಯಾರೂ ಬರ್ತಿಲ್ಲ" ಎಂದೆ. ಅಕ್ಕ ನನ್ನ ಕೈ ಚಿವುಟಿದಳು. ಅವಳ ಕಣ್ಣಲ್ಲಿ ನೀರಿತ್ತು. ಕೆಲಸ ಹೋದರೆ ಮನೆಗೆ ಗತಿಯಿಲ್ಲ, ಗಂಡನ ಮರ್ಯಾದೆ ದಾಟಿ ಹೊರಗೆ ಹೋಗುವಂತಿಲ್ಲ. ಇಂಥ ಮರ್ಯಾದೆಗಿಷ್ಟು ಬೆಂಕಿ ಹಾಕ!

ಭಾನುವಾರ ಭಾವ ಊಟ ಮುಗಿಸಿ ಇಸ್ಪೀಟಿಗೆ ಹೊರಟರು. ಅವರು ತಿರುವು ದಾಟಿದ್ದೇ ತಡ, ಅಕ್ಕ ಸೆರಗು ಸಿಕ್ಕಿಸಿ, ಮನೆ ಮುಂದಿನ ಗ್ಯಾರೇಜಿನಲ್ಲಿದ್ದ ಕಾರಿನ ಬಾನೆಟ್ ಎತ್ತಿದಳು.

"ನಿಂಗೇನು ಗೊತ್ತಾಗುತ್ತೆ ಅಕ್ಕಾ?"

"ಅಡುಗೆಮನೆ ಗೋಡೆ ಒದ್ದೆಯಾದಾಗ ತೂತು ಇದ್ದಿದ್ದು ಬಚ್ಚಲ ಪೈಪಲ್ಲಿ ತಾನೆ? ಹನಿ ಬೀಳೋ ಜಾಗವೇ ಬೇರೆ, ಸೋರೋ ಜಾಗವೇ ಬೇರೆ ಕಣೇ. ಈ ಕೊಳೆಯಲ್ಲಿ ಕಾಣಿಸೋದಾದ್ರೂ ಹೇಗೆ? ಮೊದಲು ತೊಳಿಯೋಣ."

ತಣ್ಣಗಿದ್ದ ಎಂಜಿನ್ನನ್ನು ಸೀಮೆಎಣ್ಣೆ ಹಾಕಿ ಉಜ್ಜಿ ಒರೆಸಿದೆವು. ವರ್ಷಗಳ ಜಿಡ್ಡು ಕಿತ್ತು ಬಂತು. ಪೂರ್ತಿ ಒಣಗಿದ ಮೇಲೆ ಅಕ್ಕ ತನ್ನ ಮುಖದ ಪೌಡರ್ ಡಬ್ಬಿ ತಂದು ಮೇಲಿಂದ ಕೆಳಗೆ ಉದುರಿಸಿದಳು. ಮದುಮಗಳಿಗೂ ಅಷ್ಟು ಹಚ್ಚುವುದಿಲ್ಲ. ಗಾಡಿ ಚಾಲೂ ಮಾಡಿ, ಕೈ ದೂರ ಇಟ್ಟುಕೊಂಡು ನೋಡುತ್ತ ನಿಂತೆವು. ಕೆಳಗೆಲ್ಲ ಪೌಡರ್ ಬೆಳ್ಳಗೇ ಇತ್ತು. ಮೇಲಿನ ಮುಚ್ಚಳದ ಹಿಂದಿನ ಮೂಲೆಯಲ್ಲಿ ಮಾತ್ರ ಒಂದು ಕಪ್ಪು ಗೆರೆ ಮೂಡಿ, ಎಂಜಿನ್ನಿನ ಬೆನ್ನಗುಂಟ ನಿಧಾನವಾಗಿ ಇಳಿಯಿತು. ಭಾವ ಮೊದಲು ಕೆಳಗೆ ಮಲಗಿ ಬಿಗಿ ಮಾಡಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು.

ಎಂಜಿನ್ ಆರಿದ ಮೇಲೆ ಮುಚ್ಚಳ ಬಿಚ್ಚಿದೆವು. ಎಣ್ಣೆ ಸೋರದಂತೆ ಅಂಚಿಗೆ ಕೂರಿಸುವ ರಬ್ಬರ್ ಗ್ಯಾಸ್ಕೆಟ್ ಬಿಗಿ ಅತಿಯಾಗಿ ಹಿಸುಕಿಸಿಕೊಂಡು ಹೊರಗೆ ಬಂದು ಆ ಮೂಲೆಯಲ್ಲಿ ಹರಿದಿತ್ತು. ನಾನು ಬಿಡಿಭಾಗದ ಅಂಗಡಿಗೆ ಓಡಿದೆ. ಅಂಗಡಿಯವನು ಕಿಸಕ್ಕನೆ ನಕ್ಕ: "ನಿಮ್ಮ ಭಾವನ ಗ್ಯಾರೇಜಿಂದ ಗ್ಯಾಸ್ಕೆಟ್ ಕೇಳ್ತಿರೋದು ಇದೇ ಮೊದಲು ಕಣಮ್ಮ. ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?"

ಅಕ್ಕ ಅಂಚು ಒರೆಸಿ ಹೊಸದನ್ನು ಕೂರಿಸಿದಳು. ಎದುರುಬದುರು ಬೋಲ್ಟುಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಬಂದು ಒಂದು ಹದದಲ್ಲಿ "ಸಾಕು" ಎಂದು ಕೈ ತೆಗೆದಳು. ಆ ಗ್ಯಾರೇಜಿನ ಗೋಡೆಗಳು ಆ ಮಾತನ್ನು ಹಿಂದೆ ಕೇಳಿರಲಿಕ್ಕಿಲ್ಲ. ಮತ್ತೆ ಎಂಜಿನ್ ಓಡಿಸಿ ನೋಡಿ, ಗಾಡಿಯ ಕೆಳಗೆ ಹಳೆಯ ಪೇಪರ್ ಹಾಸಿ ಬಂದೆವು.

ಸೋಮವಾರ ಬೆಳಿಗ್ಗೆ ಪೇಪರಿನ ಮೇಲೆ ಒಂದು ಹನಿಯೂ ಇರಲಿಲ್ಲ. ಭಾವ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಗ್ಗಿ ನೋಡಿ ಎದೆ ಉಬ್ಬಿಸಿದರು. "ನೋಡಿದ್ಯಾ? ಮೊನ್ನೆ ನಾನು ಕೊಟ್ಟ ಬಿಗಿ ಈಗ ಕಚ್ಕೊಂಡಿದೆ!"

ನನ್ನ ಮೈಯೆಲ್ಲ ಉರಿದುಹೋಯಿತು. ಅಕ್ಕ ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿ ಗಾಜು ಒರೆಸುತ್ತಿದ್ದಳು. ಆ ಜಂಬವನ್ನೂ ಅವರಿಗೇ ಬಿಟ್ಟುಕೊಡುತ್ತಿದ್ದಳು, ಪುಣ್ಯಾತ್ಗಿತ್ತಿ. ಆದರೆ ಭಾವ ಅಷ್ಟಕ್ಕೆ ನಿಲ್ಲಬೇಕಲ್ಲ! ಬಾನೆಟ್ ಎತ್ತಿ, ಮೇಲಿನ ಮುಚ್ಚಳದ ಬೋಲ್ಟಿಗೆ ಸ್ಪ್ಯಾನರ್ ಇಟ್ಟರು. "ಯಾವುದಕ್ಕೂ ಇರಲಿ, ಇನ್ನೊಂದು ಸುತ್ತು..."

ಅಕ್ಕ ಬಟ್ಟೆ ಬಿಸಾಡಿ ಬಂದು ಅವರ ಮಣಿಕಟ್ಟು ಹಿಡಿದಳು.

"ಮುಟ್ಟಬೇಡಿ."

"ಏನೇ?"

"ನಿನ್ನೆ ನಾನೇ ಬಿಚ್ಚಿ ಹಾಕಿದ್ದೀನಿ. ಬಿಗಿ ಸರಿಯಾಗಿದೆ. ಮುಟ್ಟಬೇಡಿ ಅಂದೆ."

ಮದುವೆಯಾದಾಗಿನಿಂದ ಅವಳು ಅವರಿಗೆ 'ಬೇಡ' ಎಂದದ್ದನ್ನು ನಾನು ಕೇಳಿರಲಿಲ್ಲ. ಭಾವ ಬಾಯ್ತುಂಬ ನೊರೆ ತುಂಬಿಕೊಂಡು ಅವಳನ್ನು ನೋಡಿದರು, ಎಂಜಿನ್ನಿನ ಮೂಲೆಯಲ್ಲಿ ಉಳಿದಿದ್ದ ಪೌಡರ್ ನೋಡಿದರು, ಬೆಂಚಿನ ಮೇಲಿದ್ದ ಹರಿದ ಗ್ಯಾಸ್ಕೆಟ್ ನೋಡಿದರು. ಕೂಗಾಡುತ್ತಾರೆ ಎಂದು ನಾನು ನಾಲಿಗೆ ಮಸೆದು ನಿಂತಿದ್ದೆ. ನೊರೆ ಉಗುಳಿ, ಸಣ್ಣ ದನಿಯಲ್ಲಿ ಕೇಳಿದರು:

"ಎಲ್ಲಿ ಸೋರ್ತಿತ್ತು?"

ಇಪ್ಪತ್ತು ವರ್ಷ ಬೇಕಾಯಿತು ಆ ಮನುಷ್ಯನಿಗೆ, ಅದೊಂದು ಪ್ರಶ್ನೆ ಕೇಳಲು.

"ಮೇಲೆ. ನೀವು ಬಿಗಿ ಮಾಡಿದ್ರಲ್ಲ, ಅಲ್ಲೇ" ಎಂದಳು ಅಕ್ಕ. ಬಾನೆಟ್ ಇಳಿಸಿ, ಅಜ್ಜಿಗೆ ಹೊತ್ತಾಯಿತೆಂದು ಗಾಡಿ ಹತ್ತಿ ಹೊರಟುಹೋದಳು. ಭಾವ ಆ ಒಣ ಪೇಪರಿನ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ನಿಂತಿದ್ದರು.