ಅಮಾವಾಸ್ಯೆಯ ಸಿಡಿಗಳು

ಹೋದ ತಿಂಗಳು ಹುನಗುಂದದ ರಸ್ತೆಯಲ್ಲಿ ನಮ್ಮ ಬಸ್ಸಿನ ಮುಂದೊಂದು ಟ್ರ್ಯಾಕ್ಟರ್ ಹೊರಟಿತ್ತು. ಅದರ ಟ್ರೇಲರಿನ ಹಿಂಬದಿಗೆ ಯಾರೋ ಹಳೆಯ ಸಿಡಿಯೊಂದನ್ನು ಕಟ್ಟಿದ್ದರು; ಬಿಸಿಲು ಬಿದ್ದಾಗೊಮ್ಮೆ ಮಿಂಚುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ ಕೇಳಿದ: "ಚಿಗವ್ವ, ನೀ ಇಂಥಾದ್ರಾಗ ಕದ್ದ ಗೇಮ್ ಹಾಕಿ ಊರಿಗೆಲ್ಲಾ ಕೊಡ್ತಿದ್ದೆಂತ, ಖರೇನ?"

"ಖರೆ," ಎಂದೆ. 'ಕದ್ದ' ಎಂಬ ಮಾತಿಗೆ ಮಾತ್ರ ನನ್ನ ತಕರಾರಿದೆ. ನೀವೇ ಕೇಳಿ ಹೇಳಿ.

ನಾವು ಇಳಕಲ್ಲಿನ ನೇಕಾರರು. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಪಡಸಾಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ, ಅರ್ಜಿ ಟೈಪ್ ಮಾಡಿಕೊಡುತ್ತಿದ್ದೆ. ಅದಕ್ಕೆ ಸಿಡಿಗೆ ಕಾಪಿ ಇಳಿಸುವ ರೈಟರೊಂದನ್ನು ಹಾಕಿಸಿದಾಗ ನನ್ನ ಜಂಬ ನೋಡಬೇಕಿತ್ತು. ಮೊದಲ ವಾರ ಹಾಕಿದ ಸಿಡಿಗಳೆಲ್ಲ ಕೆಟ್ಟವು. ಸಿಡಿ ಮಾರಿದವನನ್ನು ಬೈದೆ, ರೈಟರ್ ಕೂಡಿಸಿದವನನ್ನು ಬೈದೆ. ಅವ್ವ ಉಪ್ಪು, ಮೆಣಸಿನಕಾಯಿ ಹಿಡಿದು ಕಂಪ್ಯೂಟರಿಗೇ ದೃಷ್ಟಿ ತೆಗೆದಳು. ಕೊನೆಗೆ ಅಪ್ಪ ಮೇಜಿನ ಮೇಲೆ ಅಂಗೈ ಊರಿ, "ಇದು ನಡಗಾಕತ್ತೈತಲ್ಲವ್ವ," ಎಂದ. ಗೋಡೆಯಾಚೆ ನಾಲ್ಕು ಪವರ್‌ಲೂಮುಗಳು ದಿನವಿಡೀ ಬಡಿಯುತ್ತಿದ್ದವು. ಹುಟ್ಟಿದಾಗಿನಿಂದ ಕೇಳಿದ ಸದ್ದು, ನನಗೆ ಅದು ಸದ್ದೇ ಅಲ್ಲ. ರೈಟರಿಗೆ ಹಾಗಿರಲಿಲ್ಲ; ಆ ನಡುಕಕ್ಕೇ ಸಿಡಿಗಳು ಕೆಡುತ್ತಿದ್ದವು.

ನಮ್ಮ ಓಣಿಯಲ್ಲಿ ಮಗ್ಗಕ್ಕೆ ಬಿಡುವೆಂದರೆ ಅಮಾವಾಸ್ಯೆ. ಹೀಗಾಗಿ ನಾನು ಗೇಮ್ ಕಾಪಿ ಮಾಡುವುದೂ ಅಮಾವಾಸ್ಯೆಗೇ ಆಯಿತು. ತಿಂಗಳಿಡೀ ಚೀಟಿಯಲ್ಲಿ ಹೆಸರು ಬರೆಸಿ ಹೋದವರು ಅವತ್ತು ಹೋಳಿಗೆ ಉಂಡು, ಬಾಯಿ ಒರೆಸಿಕೊಳ್ಳುತ್ತ ಬರುತ್ತಿದ್ದರು. ಕಾರು ಓಡಿಸುವ ಆಟ, ಗುಂಡು ಹಾರಿಸುವ ಆಟ, ಕ್ರಿಕೆಟ್. ದಿನವಿಡೀ ಮಗ್ಗದ ಮುಂದೆ ಬಗ್ಗಿ ಕೂತವರು ಒಂದು ತಾಸು ಪರದೇಶದ ರಸ್ತೆಯಲ್ಲಿ ಕಾರು ಓಡಿಸಿದರೆ ಯಾರ ಗಂಟು ಹೋಗುತ್ತಿತ್ತು? ಅಸಲಿ ಸಿಡಿ ಮಾರುವ ಒಂದೇ ಒಂದು ಅಂಗಡಿ ನಮ್ಮೂರಿಗೆ ಬರಲಿಲ್ಲ. ನಮ್ಮನ್ನು ಗಿರಾಕಿ ಎಂದೇ ಎಣಿಸದವರು ಕಳ್ಳರೆಂದು ಮಾತ್ರ ಎಣಿಸಿದರೆ ನಾನು ಒಪ್ಪುವವಳಲ್ಲ. ಅಂದೂ ಒಪ್ಪಲಿಲ್ಲ, ಇಂದೂ ಇಲ್ಲ.

ಆದರೆ ಈರಣ್ಣನ ವಿಷಯ ಬೇರೆ. ಬೇವೂರಿನವನು, ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜು ಓದುತ್ತಿದ್ದ, ನನಗಿಂತ ಒಂದೆರಡು ವರ್ಷ ಚಿಕ್ಕವನು. ಕವಡೆ ಹಾಕಿ ಆಡುವ ನಮ್ಮ ಚೌಕಾಬಾರವನ್ನು ತಾನೇ ಕಂಪ್ಯೂಟರ್ ಆಟ ಮಾಡಿ, ಕಾಪಿ ತೆಗೆಸಲು ನನ್ನ ಹತ್ತಿರ ತಂದಿದ್ದ.

"ಅಕ್ಕಾರ, ನಾಕ ಕಾಪಿ ಸಾಕ್ರಿ. ಬಾಗಲಕೋಟ್ಯಾಗ ಒಂದು ಅಂಗಡಿಯವ್ರು ಮಾರಿ ಕೊಡ್ತೇನಿ ಅಂದಾರ. ಮಾರಾಟಾತಂದ್ರ ಅಪ್ಪಗ ತೋರಸ್ತೇನ್ರಿ. ಇಲ್ಲಂದ್ರ ಪರೀಕ್ಷಾ ಕಟ್ಟಿ ಗುಮಾಸ್ತ ಆಗು ಅಂತ ಕುಂತಾನ್ರಿ."

ನಾಲ್ಕು ಮಾಡಿಕೊಟ್ಟೆ. ಐದನೆಯದನ್ನು ನನಗೆಂದು ಇಟ್ಟುಕೊಂಡೆ. ಆಟ ಎಷ್ಟು ಚೆನ್ನಾಗಿತ್ತೆಂದರೆ, ಮುಂದಿನ ಅಮಾವಾಸ್ಯೆಗೆ ಕೇಳಿದವರಿಗೂ ಕೇಳದವರಿಗೂ ಹಂಚಿಬಿಟ್ಟೆ, ಪ್ರಸಾದ ಹಂಚಿದ ಹಾಗೆ. ನನ್ನ ಐದನೆಯದೂ ಆ ಭರದಲ್ಲೇ ಹೋಯಿತು. ಒಂದರ ಮೇಲೂ ಅವನ ಹೆಸರು ಬರೆಯಲಿಲ್ಲ, ಬರೀ 'ಚೌಕಾಬಾರ'.

ಎರಡು ತಿಂಗಳಿಗೆ ಈರಣ್ಣ ಬಂದು ಬಾಗಿಲಲ್ಲೇ ನಿಂತ. "ಅಂಗಡಿಯವ್ರು ನಾಕೂ ಹೊಳ್ಳಿ ಕೊಟ್ಟಾರ್ರಿ. ಇದು ಎಲ್ಲಾರ ಮನ್ಯಾಗೂ ಐತಿ, ಯಾರ ತಗೋತಾರ ಅಂದ್ರು."

ನನ್ನ ಮುಖ ಬಿಸಿಯಾಯಿತು. ಆದರೂ ನಾಲಿಗೆ ಸೋಲಲಿಲ್ಲ. "ನಾ ಯಾರ ಗೇಮೂ ಕಾಪಿ ಮಾಡದ ಬಿಟ್ಟಿಲ್ಲ. ನಿಂದ್ಯಾಕ ಬಿಡ್ಲಿ?"

"ಅವ್ರು ಯಾರಂತ ನಿಮಗ ಗೊತ್ತಿಲ್ರಿ ಅಕ್ಕಾರ," ಎಂದ. "ನಾ ಯಾರಂತ ಗೊತ್ತಿತ್ತು."

ಅಷ್ಟೇ ಹೇಳಿ ಹೋದ. ಮುಂದೆ ಅವನು ಗುಮಾಸ್ತನಾದ ಸುದ್ದಿ ಬಂತು. ನನ್ನ ರೈಟರ್ ಇನ್ನೂ ಕೆಲ ವರ್ಷ ಓಡಿತು. ಬೇರೆಯವರ ಆಟಗಳ ಬಗ್ಗೆ ನನ್ನ ನಿದ್ದೆ ಎಂದೂ ಕೆಡಲಿಲ್ಲ, ಇವನ ಮಾತು ಮಾತ್ರ ಮರೆಯಲಾಗಲಿಲ್ಲ.

ಬಸ್ಸು ಇಳಿದ ಮರುದಿನ ಅವರಿವರನ್ನು ಕೇಳಿ ಈರಣ್ಣನ ನಂಬರ್ ಹಿಡಿದೆ. ಈಗ ಬಾದಾಮಿಯಲ್ಲಿ ಸರ್ಕಾರಿ ಕಚೇರಿಯಲ್ಲಿದ್ದಾನೆ. "ಅವತ್ತ ನಾ ಮಾಡಿದ್ದೂ ತಪ್ಪು, ಅಂದದ್ದೂ ತಪ್ಪು," ಎಂದೆ. ಅವನು, "ಅಕ್ಕಾರ, ನಿಮ್ಮ ಕಡೆ ಒಂದ್ ಕಾಪಿ ಉಳದೈತೇನ್ರಿ? ಹೊಳ್ಳಿ ಬಂದ ನಾಕೂ ಎಲ್ಲೋ ಹೋದ್ವು, ನನ್ನ ಕಡೆ ಒಂದೂ ಇಲ್ರಿ," ಎಂದ.

ನಾಲ್ಕು ದಿನ ಓಣಿ ಓಣಿ ತಿರುಗಿದೆ. ಹಳೆಯ ಗಿರಾಕಿಗಳು ನಕ್ಕರು. ಕೊನೆಗೆ ಒಬ್ಬರ ಮನೆಯ ಅಟ್ಟದ ಮೇಲಿನ ಡಬ್ಬಿಯಲ್ಲಿ ಸಿಕ್ಕಿತು. ಮೇಲೆ ನನ್ನದೇ ಅಕ್ಷರ. ಹಳೆಯ ಕಂಪ್ಯೂಟರಿಗೆ ಹಾಕಿದರೆ ಕವಡೆ ಉರುಳಿದವು, ಮೊದಲ ಪರದೆಯ ಮೇಲೆ ಅವನ ಹೆಸರೂ ಬಂತು. ನಾನು ಅವತ್ತು ಹಂಚದಿದ್ದರೆ ಈ ಆಟ ಇಂದು ಎಲ್ಲಿಯೂ ಇರುತ್ತಿರಲಿಲ್ಲ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಈರಣ್ಣನಿಗೂ ಹೇಳಿದೆ.

ಆಮೇಲೆ ಕೇಳಿದೆ, "ಈರಣ್ಣಾ, ನಿನಗ ಕಳಸೂ ಮುಂದ ನಾ ಒಂದ್ ಕಾಪಿ ಇಟ್ಕೊಳ್ಳೇನು?"



"ಒಂದ ಒಂದು ಇಟ್ಕೋರಿ," ಎಂದ.