ಇಡೀ ಓಣಿಗೆ ಒಂದೇ ನಂಬರು

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ಅವ್ವನನ್ನೂ ನೋಡಿಕೊಂಡವರು ಅವರೇ. ಎಮ್ಮೆಗೆ ಹುಲ್ಲು ಹಾಕುತ್ತಾ, "ಈ ಮನೀಲಿ ಯಾರು ಯಾವತ್ತು ಎಲ್ಲಿರ್ತೀವಿ ಅಂತ ನಮಗೇ ಗೊತ್ತಿಲ್ಲ. ಮೂರು ವರ್ಷ ಒಂದೇ ಕಡೆ ಕುಂತು ಓದಾಕೆ ಆಗ್ತೈತೇನು ನಿನಗೆ?" ಎಂದಿದ್ದರು.

ನಮ್ಮ ಊರು ಹರಿಹರದಿಂದ ಅರ್ಧ ಗಂಟೆಯ ದಾರಿ. ಭತ್ತದ ಕೊಯ್ಲು ಮುಗಿದ ಮೇಲೆ ನಮ್ಮ ಓಣಿಯವರು ಮೂಡಿಗೆರೆ ಕಡೆಯ ಕಾಫಿ ತೋಟಗಳಿಗೆ ಹಣ್ಣು ಬಿಡಿಸಲು ಹೋಗುವುದು ಹೊಸದೇನಲ್ಲ. ನಾನು ಚಿಕ್ಕವಳಿದ್ದಾಗ, ಆಳುಗಳನ್ನು ಕರೆದೊಯ್ಯುವ ಮೇಸ್ತ್ರಿ ವರ್ಷಕ್ಕೊಮ್ಮೆ ಸ್ಕೂಟರಿನಲ್ಲಿ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ. ಎರಡು ದಿನ ಚಹಾ, ಎಲೆ ಅಡಿಕೆ, ಜಗಳ. ಯಾರು ಹೋಗುವುದು, ಯಾರು ಉಳಿಯುವುದು, ಯಾವಾಗ ವಾಪಸ್ಸು ಎಂಬುದೆಲ್ಲ ತೀರ್ಮಾನವಾದ ಮೇಲೆ ರೊಟ್ಟಿ ಬಡಿದು ಕಟ್ಟಿಕೊಂಡು ಹೊರಡುತ್ತಿದ್ದರು. ಈಗ ಫೋನ್ ಬರುತ್ತದೆ. "ಹತ್ತು ಆಳು ಬೇಕು, ಸಂಜಿ ಬಸ್ಸಿಗೆ ಹತ್ತಿಸ್ರಿ." ಒಗೆದು ಹಾಕಿದ ಬಟ್ಟೆ ಒಣಗುವ ಮೊದಲೇ ಓಣಿಯ ಅರ್ಧ ಬಾಗಿಲುಗಳಿಗೆ ಬೀಗ. ತೋಟದ ಕೆಲಸ ಮುಗಿದರೆ ಮಂಗಳೂರಿನಲ್ಲಿ ಕಟ್ಟಡ, ಅದು ಮುಗಿದರೆ ಮತ್ತೊಂದು ಕರೆ. ಫೋನ್ ಬಂದ ಮೇಲೆ ಹಳ್ಳಿಯವರು ಊರು ಬಿಡುವುದೇ ಬೇಕಿಲ್ಲ ಎಂದು ದಾವಣಗೆರೆಯ ನಮ್ಮ ಕಾಲೇಜಿನಲ್ಲಿ ಒಬ್ಬರು ಪಾಠ ಮಾಡಿದರು. ನಾನು ಹಿಂದಿನ ಬೆಂಚಿನಲ್ಲಿ ಹಲ್ಲು ಕಡಿಯುತ್ತಾ ಕುಳಿತಿದ್ದೆ.

ಯಾಕೆಂದರೆ ಆ ಕರೆಗಳೆಲ್ಲ ಬರುತ್ತಿದ್ದುದು ನನಗೆ. ನನ್ನ ಓದಿಗೆಂದು ಅವ್ವ ಕೊಡಿಸಿದ್ದು ಓಣಿಯ ಮೊದಲ ದೊಡ್ಡ ಫೋನು. ರೇಷನ್ ಕಾರ್ಡಿಗೆ, ಗ್ಯಾಸಿಗೆ, ಬ್ಯಾಂಕಿಗೆ ಯಾರು ಅರ್ಜಿ ತುಂಬಿದರೂ, "ಆ ಹುಡುಗೀದೇ ನಂಬರ್ ಹಾಕ್ರಿ, ಓದಿದಾಳೆ" ಎನ್ನುತ್ತಿದ್ದರು. ಮೇಸ್ತ್ರಿಯ ಬಳಿ ಇದ್ದದ್ದೂ ಅದೇ ನಂಬರು. ಹರಿಹರದಲ್ಲಿ ಕಾಲೇಜಿಗೆಂದು ಬಸ್ಸು ಹತ್ತಿದರೆ ದಾರಿಯ ಬಾತಿ ಊರು ದಾಟುವಷ್ಟರಲ್ಲಿ ನಾಲ್ಕು ಕರೆ. ಕ್ಲಾಸಿನಲ್ಲಿದ್ದೇನೆ ಎಂದರೆ ಮೇಸ್ತ್ರಿ, "ಆಯ್ತವ್ವ, ಚೆನ್ನಾಗಿ ಓದು. ಎಷ್ಟು ಜನ ಬರ್ತಾರೆ ಅಷ್ಟು ಹೇಳಿಬಿಡು" ಎನ್ನುತ್ತಿದ್ದ.

ಕೊನೆಯ ವರ್ಷ ಅವ್ವ, ದೊಡ್ಡಪ್ಪ ಇಬ್ಬರೂ ತೋಟಕ್ಕೆ ಹೊರಟರು. ಹೊರಡುವ ಹೊತ್ತಿಗೆ ದೊಡ್ಡಪ್ಪ ನನ್ನ ಫೋನಿನ ಸಿಮ್ ತೆಗೆಸಿ ತಮ್ಮ ಸಣ್ಣ ಫೋನಿಗೆ ಹಾಕಿಸಿಕೊಂಡರು. "ಮೇಸ್ತ್ರಿಗೆ ಗೊತ್ತಿರಾದು ಇದೊಂದೇ ನಂಬರ್. ನೀನು ಬೇರೆ ತಗೋ." ತೆಗೆದುಕೊಂಡೆ. ಎಮ್ಮೆ ನೋಡಿಕೊಂಡು ನಾನೊಬ್ಬಳೇ ಉಳಿದೆ. ದಿನಕ್ಕೆ ಮೂರು ಸಲ ತೋಟದಿಂದ ಹುಕುಂ: ನೀರು ಕುಡಿಸಿದೇನು, ಬಾಗಿಲು ಹಾಕಿದೇನು.

ಪರೀಕ್ಷೆಯ ಅರ್ಜಿ ತುಂಬುವ ಕೊನೆಯ ದಿನ ದಾವಣಗೆರೆಯ ಎಸ್.ಎಸ್. ಬಡಾವಣೆಯ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಸಂಜೆ ಐದರವರೆಗೆ ಸಮಯ. ಎಲ್ಲ ತುಂಬಿದ ಮೇಲೆ ಅಂಗಡಿಯವರು, "ಓಟಿಪಿ ಹೇಳಮ್ಮ" ಎಂದರು. ಕಾಲೇಜಿನಲ್ಲಿ ಕೊಟ್ಟಿದ್ದು ಹಳೆಯ ನಂಬರು. ಓಟಿಪಿ ಮೂಡಿಗೆರೆಯ ತೋಟದಲ್ಲಿ ದೊಡ್ಡಪ್ಪನ ಅಂಗಿ ಜೇಬಿಗೆ ಹೋಗಿತ್ತು. ನನ್ನ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಅಂಗಡಿಯವರ ಫೋನಿನಿಂದ ಕರೆ ಮಾಡಿದೆ.

"ದೊಡ್ಡಪ್ಪಾ, ಒಂದು ಮೆಸೇಜ್ ಬಂದೈತೆ ನೋಡು. ಅದ್ರಾಗಿರೋ ಆರು ನಂಬರ್ ಹೇಳು."

"ಯಾರು ನೀನು, ತಂಗಿ?"

"ನಾನೇ, ನಿನ್ನ ತಮ್ಮನ ಮಗಳು."

"ಹಂಗೆ ಯಾರು ಬೇಕಾದ್ರೂ ಅಂತಾರೆ. ನಮ್ಮ ಹುಡುಗಿ ಡಿಗ್ರಿ ಓದ್ತಾಳೆ. ಅವಳೇ ಹೇಳಿದಾಳೆ, ಯಾರಿಗೂ ಹೇಳಬ್ಯಾಡ ಅಂತ."

ಹೇಳಿದ್ದು ನಿಜ. ಓದಿದವಳೆಂಬ ಜಂಬದಲ್ಲಿ, ಓಟಿಪಿಯನ್ನು ನಾನೇ ಕೇಳಿದರೂ ಹೇಳಬೇಡಿ ಎಂದು ಇಡೀ ಓಣಿಗೆ ಪಾಠ ಮಾಡಿದ್ದೆ. ಬೇರೆ ಯಾವ ಮಾತನ್ನೂ ಕೇಳದ ದೊಡ್ಡಪ್ಪ ಇದೊಂದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಫೋನ್ ಕಟ್. ಮತ್ತೆ ಮಾಡಿದೆ. "ನಿಮ್ಮಂಥೋರ್ನ ಬಾಳ ನೋಡೀನಿ" ಎಂದು ಮತ್ತೆ ಕಟ್. ಅವ್ವನಿಗೆ ಕೊಡಿ ಎನ್ನೋಣವೆಂದರೆ ಅವಳು ಬೇರೆ ಸಾಲಿನಲ್ಲಿ ಹಣ್ಣು ಬಿಡಿಸುತ್ತಿದ್ದಳು. ಗಂಟೆ ನಾಲ್ಕೂವರೆ. ಈ ಸಲ ತಪ್ಪಿದರೆ ಮುಂದಿನ ವರ್ಷ, ಮುಂದಿನ ವರ್ಷವೆಂದರೆ ನನಗೂ ತೋಟವೇ.

ಮೂರನೆಯ ಸಲ ಅವರು ಬಾಯಿ ತೆರೆಯುವ ಮೊದಲೇ ಕೂಗಿದೆ: "ಉಕ್ಕಡಗಾತ್ರಿ ಜಾತ್ರೀಲಿ ಹೊಳಿಗಿಳಿದು, ಪಂಚೆ ತೇಲಿಹೋಗಿ, ನಮ್ಮವ್ವನ ಹಳೇ ಸೀರಿ ಸುತ್ಕೊಂಡು ಬಸ್ಸು ಹತ್ತಿದೋರು ಯಾರು?"

ಅಂಗಡಿಯಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ಆ ಕಡೆಯಿಂದ ದೊಡ್ಡಪ್ಪ ಮೆಲ್ಲಗೆ, "ಅದನ್ನ ನಾಕು ಜನದ ಮುಂದೆ ಯಾಕೆ ಹೇಳ್ತೀಯೆ?" ಎಂದರು.

ಅಷ್ಟರಲ್ಲಿ ಆ ಓಟಿಪಿಯ ಅವಧಿ ಮುಗಿದಿತ್ತು. ಎರಡನೆಯದು ಕಳಿಸಿದರೆ ಅಲ್ಲಿ ಸಿಗ್ನಲ್ ಹೋಯಿತು. ಅವರು ಹಣ್ಣಿನ ಚೀಲ ಬಿಟ್ಟು, ಆಳುಗಳ ಲೆಕ್ಕ ಬರೆಯುವ ರೈಟರನ ಬೈಗುಳ ಕೇಳುತ್ತಾ ತೋಟದ ಮೇಲಿನ ದಿಣ್ಣೆ ಹತ್ತಿದರಂತೆ. ಹತ್ತು ನಿಮಿಷ ಉಳಿದಿರುವಾಗ ಏದುಸಿರಿನಲ್ಲಿ ಒಂದೊಂದೇ ಅಂಕಿ ಹೇಳಿದರು. ಅರ್ಜಿ ಹೋಯಿತು. ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಅಳು ಬಂತೋ ಸಿಟ್ಟು ಬಂತೋ ಈಗಲೂ ಹೇಳಲಾರೆ.

ಪರೀಕ್ಷೆ ಬರೆದೆ. ಪಾಸಾದೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಸರ್ಟಿಫಿಕೇಟ್ ತರುವ ದಿನ ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ತಾವೂ ಕಾಲೇಜಿಗೆ ಬಂದರು. ಆಫೀಸಿನ ಮೇಡಂ ನನ್ನಿಂದ ಸಹಿ ಹಾಕಿಸಿಕೊಂಡು ಕೊಟ್ಟರು. ನಾನು ಅದನ್ನು ದೊಡ್ಡಪ್ಪನ ಕೈಗಿಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಯಾವ ಊರಿಗೆ ಹೋಗು ಅಂತ ಬರ್ದೈತೆ ಇದ್ರಲ್ಲಿ?"

"ಊರು ಗೀರು ಏನೂ ಬರ್ದಿಲ್ಲ, ದೊಡ್ಡಪ್ಪ."

ಕಾಗದವನ್ನು ಮಡಿಸದೆ, ಜೋಪಾನವಾಗಿ ನನಗೆ ವಾಪಸ್ಸು ಕೊಟ್ಟರು.

"ಹೋಗಾದಂತೂ ಹೋಗ್ತೀಯ. ಮನಿಗೆ ಬಂದು, ಕುಂತು, ಹೇಳಿ ಹೋಗು. ಫೋನಲ್ಲಿ ಹೇಳಬ್ಯಾಡ."